ಪ್ರೈಕೆಸ್ಟೋಲೆನ್, ಶೆರಾಗ್, ಟ್ರೋಲ್‌ತುಂಗಾ: ನಾರ್ವೆಯ ಮೂರು ಬಂಡೆಗಳಲ್ಲಿ ಯಾವುದಕ್ಕೆ ಹೋಗಬೇಕು?

ನಾರ್ವೆಗೆ ಹೊರಟವರ ಫೋನಿನಲ್ಲಿ ಈ ಮೂರು ಚಿತ್ರಗಳು ಇದ್ದೇ ಇರುತ್ತವೆ. ಲೀಸೆಫಿಯೋರ್ಡ್‌ನ (ಫಿಯೋರ್ಡ್ ಎಂದರೆ ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕಿರಿದಾದ ಚಾಚು) ನೀರಿನಿಂದ 604 ಮೀಟರ್ ಎತ್ತರದಲ್ಲಿ ಚಪ್ಪಟೆಯಾಗಿ ನಿಂತ ಪ್ರೈಕೆಸ್ಟೋಲೆನ್. ಅದೇ ಫಿಯೋರ್ಡ್‌ನ ಒಳತುದಿಯಲ್ಲಿ, ಎರಡು ಗೋಡೆಗಳ ನಡುವಿನ ಬಿರುಕಿನಲ್ಲಿ ಸಿಕ್ಕಿಕೊಂಡಿರುವ ಶೆರಾಗ್‌ಬೋಲ್ಟೆನ್ ಗುಂಡು. ಅಲ್ಲಿಂದ ಉತ್ತರಕ್ಕೆ, ಹಾರ್ಡಾಂಗೆರ್ ಕಡೆ, ರಿಂಗೆದಾಲ್ ಸರೋವರದ ಮೇಲೆ ಚಾಚಿಕೊಂಡಿರುವ ಟ್ರೋಲ್‌ತುಂಗಾ. ರಜೆ ಕಡಿಮೆ ಇರುವವರು ಒಂದನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಆಗ ಹೆಚ್ಚಿನವರು ನೋಡುವುದು ಎರಡನ್ನೇ: ಯಾವ ಫೋಟೊ ಚೆನ್ನಾಗಿದೆ, ದಾರಿ ಎಷ್ಟು ಕಿಲೋಮೀಟರ್ ಇದೆ.

ಮೂರನ್ನೂ ನಡೆದು ನೋಡಿದ ಮೇಲೆ ನಮಗೆ ಅನ್ನಿಸುವುದು, ಕಿಲೋಮೀಟರ್ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. 11 ಕಿಮೀ ಇರುವ ಶೆರಾಗ್ ದಾರಿ ಮಂಡಿಗೆ ಕೊಡುವ ಕಷ್ಟವನ್ನು 20 ಕಿಮೀ ಇರುವ ಟ್ರೋಲ್‌ತುಂಗಾ ದಾರಿ ಕೊಡುವುದಿಲ್ಲ. ಟ್ರೋಲ್‌ತುಂಗಾದಲ್ಲಿ ಜನ ಸೋಲುವುದು ಕಾಲಿನಿಂದಲ್ಲ, ಗಡಿಯಾರದಿಂದ. ಪ್ರೈಕೆಸ್ಟೋಲೆನ್‌ನಲ್ಲಿ ಕಾಲೂ ಸೋಲುವುದಿಲ್ಲ, ಗಡಿಯಾರವೂ ಕಾಡುವುದಿಲ್ಲ. ಅಲ್ಲಿ ಕಾಡುವುದು ಜನಸಂದಣಿ. ಆರಿಸುವಾಗ ಕೇಳಿಕೊಳ್ಳಬೇಕಾದ್ದು ಇಷ್ಟು: ಯಾವ ತಿಂಗಳು ಹೋಗುತ್ತೀರಿ, ಹವಾಮಾನ ಕೆಟ್ಟರೆ ಇನ್ನೊಂದು ದಿನ ಕೈಯಲ್ಲಿದೆಯೇ, ನುಣುಪು ಬಂಡೆಯ ಮೇಲೆ ಇಳಿಯುವ ಅಭ್ಯಾಸ ಇದೆಯೇ.

ನಮ್ಮ ಕಡೆಯ ಚಾರಣಿಗರಿಗೆ ಒಂದು ಅಂದಾಜು ಕೊಡಬಹುದು. ಕುಕ್ಕೆಯಿಂದ ಕುಮಾರ ಪರ್ವತದ 1,712 ಮೀಟರ್ ಶಿಖರ ಮುಟ್ಟಿದವರು ಸುಮಾರು 1,600 ಮೀಟರ್ ಏರಿರುತ್ತಾರೆ. ಏರಿಕೆಯ ಲೆಕ್ಕದಲ್ಲಿ ನಾರ್ವೆಯ ಈ ಮೂರೂ ಅದರ ಅರ್ಧದಷ್ಟು ಅಥವಾ ಅದಕ್ಕಿಂತ ಕಡಿಮೆಯಲ್ಲೇ ನಿಲ್ಲುತ್ತವೆ. ಆದರೆ ಅಲ್ಲಿ ಕಾಲಿಗೆ ಸಿಗುವುದು ಕಾಡಿನ ಮಣ್ಣಲ್ಲ, ಹಿಮನದಿ ಉಜ್ಜಿ ಹೋದ ಬೋಳು ಬಂಡೆ. ಮರದ ನೆರಳಿಲ್ಲ, ಗಾಳಿಗೆ ತಡೆ ಇಲ್ಲ, ಜುಲೈನಲ್ಲೂ ಮೇಲ್ಗಡೆ 5 ಡಿಗ್ರಿಗೆ ಇಳಿಯುವುದುಂಟು.

ಪ್ರೈಕೆಸ್ಟೋಲೆನ್

ಹೋಗಿ ಬರಲು 8 ಕಿಮೀ, ನಾಲ್ಕರಿಂದ ಐದು ಗಂಟೆ. ಸ್ಟಾವಾಂಗೆರ್ ನಗರದಿಂದ ಕಾರಿನಲ್ಲಿ ಮುಕ್ಕಾಲು ಗಂಟೆ, ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಮೊದಲು ಇಲ್ಲಿಗೆ ಬರಲು ದೋಣಿ ಹಿಡಿಯಲೇಬೇಕಿತ್ತು. 2019ರ ಡಿಸೆಂಬರ್ ಕೊನೆಯಲ್ಲಿ 14.4 ಕಿಮೀ ಉದ್ದದ ರೀಫಿಲ್ಕೆ ಸುರಂಗ ತೆರೆದ ಮೇಲೆ ಸಮುದ್ರದ ತಳದಡಿಯಿಂದಲೇ ನೇರ ರಸ್ತೆ ಆಯಿತು. ಹಳೆಯ ಪ್ರವಾಸ ಬರಹಗಳಲ್ಲಿ ಇನ್ನೂ ತೌ ಊರಿಗೆ ಹೋಗುವ ದೋಣಿಯ ವೇಳಾಪಟ್ಟಿ ಇರುತ್ತದೆ. ಅದನ್ನು ನಂಬಿ ಬಂದರಿಗೆ ಹೋಗಬೇಡಿ.

ದಾರಿ ಏಕಪ್ರಕಾರವಾಗಿ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಮೊದಲು ಜಲ್ಲಿ ಹಾಸಿದ ಏರು, ಆಮೇಲೆ ಜೌಗಿನ ಮೇಲೆ ಹಾಸಿದ ಮರದ ಹಲಗೆ, ಅದಾದ ಮೇಲೆ ದೊಡ್ಡ ದೊಡ್ಡ ಕಲ್ಲುಗಳ ಕಡಿದಾದ ಕಣಿವೆ. ಈ ಕಣಿವೆಯ ಕಲ್ಲುಗಳನ್ನು ಕೂರಿಸಿ ಮೆಟ್ಟಿಲು ಮಾಡಿದವರು ನೇಪಾಳದಿಂದ ಬಂದ ಶೆರ್ಪಾಗಳು. ಇದರಿಂದ ದಾರಿ ಬಹಳ ಸುಧಾರಿಸಿದೆ. ಆದರೆ ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ, ಮಳೆ ಬಂದಾಗ ಜಾರುತ್ತದೆ. ಕಣಿವೆ ದಾಟಿದರೆ ಸಣ್ಣ ಕೊಳಗಳು ಸಿಗುತ್ತವೆ. ಮಕ್ಕಳಿಗೆ ತಿಂಡಿ ಕೊಡಲು ಅದೇ ಸರಿಯಾದ ಜಾಗ, ಏಕೆಂದರೆ ಅಲ್ಲಿಂದ ಮುಂದೆ ದಾರಿ ಬೋಳು ಬಂಡೆಯ ಅಂಚಿನ ಮಗ್ಗುಲಲ್ಲೇ ಸಾಗುತ್ತದೆ.

ತುದಿಯ ಚಪ್ಪಟೆ ಜಾಗ ಸುಮಾರು 25 ಮೀಟರ್ ಉದ್ದ, ಅಷ್ಟೇ ಅಗಲ. ಕಂಬಿ ಇಲ್ಲ, ಹಗ್ಗ ಇಲ್ಲ. ಅಂಚಿನಿಂದ ಕೆಳಗೆ ನೋಡಬೇಕೆನ್ನಿಸಿದರೆ ನಿಂತು ಬಗ್ಗಬೇಡಿ, ಹೊಟ್ಟೆಯ ಮೇಲೆ ಮಲಗಿ ತೆವಳಿಕೊಂಡು ಹೋಗಿ. ಫಿಯೋರ್ಡ್‌ನಿಂದ ಮೇಲಕ್ಕೆ ನುಗ್ಗುವ ಗಾಳಿ ಬಂಡೆಯ ನಡುವೆ ನಿಂತವರಿಗೆ ಗೊತ್ತೇ ಆಗುವುದಿಲ್ಲ, ಅಂಚಿಗೆ ಬಂದಾಗ ಒಮ್ಮೆಲೇ ಹೊಡೆಯುತ್ತದೆ. ಬಂಡೆಯ ಹಿಂಭಾಗದಲ್ಲಿ ದೊಡ್ಡ ಬಿರುಕೊಂದು ಕಾಣುತ್ತದೆ, ನೋಡಿದವರು ಗಾಬರಿಯಾಗುತ್ತಾರೆ. ಭೂವಿಜ್ಞಾನಿಗಳು ಅದನ್ನು ಅಳೆದು, ಸದ್ಯಕ್ಕೆ ಭಯವಿಲ್ಲ ಎಂದಿದ್ದಾರೆ.

ಎಲ್ಲರೂ ನೋಡಿರುವ ಆ ಫೋಟೊ ಬಂಡೆಯ ಮೇಲೆ ನಿಂತು ತೆಗೆದದ್ದಲ್ಲ. ಹಿಂದಿನ ಗುಡ್ಡವನ್ನು ಇನ್ನೂ ಸ್ವಲ್ಪ ಹತ್ತಿದರೆ ಬಂಡೆ, ಫಿಯೋರ್ಡ್, ಎದುರಿನ ಬೆಟ್ಟ ಮೂರೂ ಒಂದೇ ಚೌಕಟ್ಟಿನಲ್ಲಿ ಕೂಡುತ್ತವೆ. ಬಂದವರಲ್ಲಿ ಬಹಳಷ್ಟು ಜನ ಇದನ್ನು ಹತ್ತದೆಯೇ ಹಿಂದಿರುಗುತ್ತಾರೆ. ಅಂಚಿನ ದಾರಿಗೆ ಹೆದರುವವರಿಗೂ ಗುಡ್ಡದ ಮೇಲಿನ ದಾರಿಯೇ ಒಳ್ಳೆಯದು.

ದೋಷ ಒಂದೇ: ಜನ. ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಬರುವ ಜಾಗ ಇದು. ಬೇಸಿಗೆಯಲ್ಲಿ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕಣಿವೆಯ ಮೆಟ್ಟಿಲುಗಳಲ್ಲಿ ಸಾಲುಗಟ್ಟಿ ನಡೆಯಬೇಕಾಗುತ್ತದೆ. ಬೆಳಗ್ಗೆ ಏಳಕ್ಕೆ ಮೊದಲು ಹತ್ತಲು ಶುರು ಮಾಡಿ, ಇಲ್ಲವೇ ಸಂಜೆ ಐದರ ಮೇಲೆ ಹೊರಡಿ. ಜೂನ್, ಜುಲೈನಲ್ಲಿ ರಾತ್ರಿ ಹತ್ತೂವರೆಯಾದರೂ ಬೆಳಕಿರುವುದರಿಂದ ಸಂಜೆ ಹೊರಟರೂ ತೊಂದರೆ ಇಲ್ಲ. ನಮ್ಮ ಆಯ್ಕೆ ಸಂಜೆಯದು. ಪ್ರವಾಸಿ ಬಸ್ಸುಗಳು ಅಷ್ಟರಲ್ಲಿ ಹೊರಟುಹೋಗಿರುತ್ತವೆ, ಕಾರಿದ್ದವರಿಗೆ ವಾಪಸಾತಿಯ ಅವಸರವೂ ಇರುವುದಿಲ್ಲ. ಬಸ್ಸನ್ನೇ ನೆಚ್ಚಿಕೊಂಡವರು ಮಾತ್ರ ಕೊನೆಯ ಬಸ್ಸಿನ ಸಮಯ ನೋಡಿಕೊಳ್ಳಲೇಬೇಕು.

ಕುಡಿಯುವ ನೀರು ಕೆಳಗಿನಿಂದಲೇ ತುಂಬಿಕೊಳ್ಳಿ. ಶೌಚಾಲಯ ಇರುವುದು ಪಾರ್ಕಿಂಗ್ ಬಳಿ, ದಾರಿಯಲ್ಲಿ ಇಲ್ಲ.

ಶೆರಾಗ್

ಶೆರಾಗ್‌ಬೋಲ್ಟೆನ್ ಎಂದರೆ ಐದು ಘನ ಮೀಟರ್‌ನಷ್ಟು ಗಾತ್ರದ ಒಂದು ಗುಂಡು. ಅದರ ಕೆಳಗೆ ಸುಮಾರು 980 ಮೀಟರ್ ಆಳ. ಸುತ್ತಲಿನ ಶೆರಾಗ್ ಪ್ರಸ್ಥಭೂಮಿಯ ನೆತ್ತಿ 1,100 ಮೀಟರ್ ಮೀರುತ್ತದೆ. ಚಾರಣ ಶುರುವಾಗುವುದು 640 ಮೀಟರ್ ಎತ್ತರದ ಓಯ್‌ಗಾರ್ಡ್‌ಸ್ಟೋಲ್ ಪಾರ್ಕಿಂಗ್‌ನಿಂದ. ಎರಡು ಎತ್ತರಗಳನ್ನು ಕಳೆದರೆ 450 ಮೀಟರ್ ಏರಿದರೆ ಸಾಕು ಎನ್ನಿಸುತ್ತದೆ. ಈ ದಾರಿಯ ಮೋಸ ಇರುವುದೇ ಇಲ್ಲಿ.

ದಾರಿಯಲ್ಲಿ ಮೂರು ಏರುಗಳಿವೆ, ನಡುವೆ ಎರಡು ಕಣಿವೆಗಳಿಗೆ ಇಳಿಯಬೇಕು. ಏರಿದ್ದನ್ನೆಲ್ಲ ಇಳಿದು ಮತ್ತೆ ಏರುವುದರಿಂದ ಒಟ್ಟು ಏರಿಕೆ ಆ ಕಳೆಯುವ ಲೆಕ್ಕಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ. ವಾಪಸ್ ಬರುವಾಗಲೂ ಹಾಗೆಯೇ: ಇನ್ನೇನು ಇಳಿದರೆ ಮುಗಿಯಿತು ಎಂದುಕೊಂಡ ಹೊತ್ತಿಗೆ ಎದುರಿಗೆ ಇನ್ನೊಂದು ಗೋಡೆ ನಿಂತಿರುತ್ತದೆ. ಹೋಗಿ ಬರುವ 11 ಕಿಮೀಗೆ ಆರರಿಂದ ಎಂಟು ಗಂಟೆ ಬೇಕು ಎನ್ನುವುದು ಈ ಕಾರಣಕ್ಕೆ.

ಮೊದಲ ಏರು ಪಾರ್ಕಿಂಗ್ ದಾಟಿದ ಕೂಡಲೇ ಶುರು. ಮೈ ಬೆಚ್ಚಗಾಗುವ ಮೊದಲೇ ಬೋಳು ಬಂಡೆಯ ಇಳಿಜಾರು, ಅದರ ಮೇಲೆ ಕಂಬ ನೆಟ್ಟು ಎಳೆದ ಕಬ್ಬಿಣದ ಸರಪಳಿ. ಮೂರನೆಯ ಏರು ಎಲ್ಲಕ್ಕಿಂತ ಉದ್ದ. ಅದು ಮುಗಿದ ಮೇಲೆ ಕೊನೆಯ ಎರಡು ಕಿಮೀಯಷ್ಟು ದಾರಿ ಪ್ರಸ್ಥಭೂಮಿಯ ಮೇಲೆ ಸಲೀಸಾಗಿ ಸಾಗುತ್ತದೆ.

ಸರಪಳಿಯ ಬಗ್ಗೆ ಒಂದೆರಡು ಮಾತು. ಹತ್ತುವಾಗ ಅದು ಬೇಕೇ ಬೇಕು ಎಂದಿಲ್ಲ; ಒಣ ಬಂಡೆಯಲ್ಲಿ ಒಳ್ಳೆಯ ರಬ್ಬರ್ ಅಟ್ಟೆಯ ಬೂಟು ಗಟ್ಟಿಯಾಗಿ ಹಿಡಿಯುತ್ತದೆ. ಇಳಿಯುವಾಗ, ಅದರಲ್ಲೂ ಒದ್ದೆ ಬಂಡೆಯಲ್ಲಿ, ಅದೇ ಆಸರೆ. ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಂಡೆಗೆ ಮುಖ ಮಾಡಿ, ಪಾದವನ್ನು ಪೂರ್ತಿ ಊರುತ್ತಾ ಹಿಂದಕ್ಕೆ ಇಳಿಯಿರಿ. ಹೆದರಿದವರು ಕುಳಿತು ಜಾರಲು ನೋಡುತ್ತಾರೆ. ಆಗ ಬೂಟಿನ ಹಿಡಿತ ತಪ್ಪಿ ಮೈಭಾರವೆಲ್ಲ ತೋಳಿನ ಮೇಲೆ ಬೀಳುತ್ತದೆ. ಚಾರಣದ ಕೋಲು ತಂದಿದ್ದರೆ ಮಡಚಿ ಚೀಲಕ್ಕೆ ಸೇರಿಸಿ, ಕೈಗಳು ಖಾಲಿ ಇರಲಿ. ತಣ್ಣನೆಯ ಕಬ್ಬಿಣ ಹಿಡಿದು ಬೆರಳು ಮರಗಟ್ಟುವುದರಿಂದ ತೆಳುವಾದ ಕೈಗವಸು ಇದ್ದರೆ ಒಳ್ಳೆಯದು.

ಗುಂಡಿನ ಮೇಲೆ ಕಾಲಿಡುವ ವಿಚಾರ. ಅಲ್ಲಿಗೆ ಹೋಗುವ ಸಂದಿಯಲ್ಲಿ ಜೂನ್‌ನಲ್ಲೂ ಹಿಮ ಉಳಿದಿರುತ್ತದೆ, ಆ ಹಿಮ ಕರಗಿದ ನೀರು ಹರಿದು ಬಂಡೆ ಒದ್ದೆಯಾಗಿರುತ್ತದೆ. ಪಕ್ಕದ ಗೋಡೆಯಲ್ಲಿ ಹಿಡಿದುಕೊಳ್ಳಲು ಬೋಲ್ಟ್ ಹಾಕಿದ್ದಾರೆ. ಅದನ್ನು ಹಿಡಿದು ಮೂಲೆ ಸುತ್ತಿ ಗುಂಡಿನ ಮೇಲೆ ಇಳಿಯಬೇಕು. ಗುಂಡಿನ ಮೇಲ್ಮೈ ದುಂಡಗಿದ್ದು, ಸಾವಿರಾರು ಜನ ತುಳಿದು ನಯವಾಗಿದೆ. ಅದು ಒದ್ದೆಯಿದ್ದರೆ ಹತ್ತಬೇಡಿ. ಫೋಟೊ ತೆಗೆಯುವವರು ಎದುರು ಬದಿಯಲ್ಲಿ ನಿಲ್ಲಬೇಕಾಗುವುದರಿಂದ, ಜೊತೆಗಿದ್ದವರು ಸರತಿಯಲ್ಲಿ ನಿಲ್ಲುವ ಮೊದಲೇ ಕೆಲಸ ಹಂಚಿಕೊಳ್ಳಿ. ಹತ್ತದೆಯೇ ಬಂದರೆ ಏನು ಕಳೆದುಕೊಂಡ ಹಾಗೆ ಎಂದು ಕೇಳಿದರೆ, ನಮ್ಮ ಉತ್ತರ ಏನೂ ಇಲ್ಲ ಎಂದೇ. ಗುಂಡಿನಿಂದ ಸ್ವಲ್ಪ ದೂರ ನಡೆದು ಪ್ರಸ್ಥಭೂಮಿಯ ಅಂಚಿಗೆ ಬಂದರೆ 42 ಕಿಮೀ ಉದ್ದದ ಫಿಯೋರ್ಡ್‌ನ ಒಳತುದಿಯೆಲ್ಲ ಕಾಲಡಿಗೆ ಬರುತ್ತದೆ. ಮೂರೂ ಕಡೆಯ ನೋಟಗಳಲ್ಲಿ ನಮಗೆ ಅತಿ ದೊಡ್ಡದೆನ್ನಿಸಿದ್ದು ಇದೇ.

ದಾರಿ ತಪ್ಪುವುದು ಮಂಜು ಕವಿದಾಗ. ಮೇಲ್ಗಡೆ ಬಂಡೆಯ ಬಯಲಿನಲ್ಲಿ ತುಳಿದ ಹೆಜ್ಜೆಗುರುತು ಮೂಡುವುದಿಲ್ಲ. ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಟಿ ಅಕ್ಷರ, ಕಲ್ಲುಗುಪ್ಪೆ ಇವೇ ದಾರಿ. ಒಂದು ಗುರುತಿನ ಬಳಿ ನಿಂತಾಗ ಮುಂದಿನದು ಕಾಣದಿದ್ದರೆ ಮುಂದೆ ಹೋಗುವ ದಿನ ಅದಲ್ಲ. ಮಳೆಯ ದಿನಕ್ಕೂ ಇದೇ ಮಾತು. ಪ್ರೈಕೆಸ್ಟೋಲೆನ್‌ಗೆ ತುಂತುರು ಮಳೆಯಲ್ಲಿ ಹೋಗಿಬರಬಹುದು, ಶೆರಾಗ್‌ಗೆ ಕೂಡದು. ಆದ್ದರಿಂದ ಇಲ್ಲಿಗೆ ಬರುವವರ ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇರಲೇಬೇಕು.

ತಲುಪುವ ದಾರಿ ಎರಡು. ಸ್ಟಾವಾಂಗೆರ್‌ನಿಂದ ಸಿರ್ದಾಲ್ ಮೂಲಕ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ. ಇನ್ನೊಂದು, ಫಿಯೋರ್ಡ್‌ನ ಒಳಗೆ ದೋಣಿಯಲ್ಲಿ ಲೀಸೆಬೋಟ್ನ್ ಊರಿಗೆ ಬಂದು, 27 ಹೇರ್‌ಪಿನ್ ತಿರುವುಗಳ ರಸ್ತೆಯಲ್ಲಿ ಮೇಲೆ ಹತ್ತುವುದು. ತಿರುವುಗಳ ಹೆದರಿಕೆ ಇರುವವರು ಸಿರ್ದಾಲ್ ದಾರಿ ಹಿಡಿದರೆ ಅವುಗಳ ಗೋಜೇ ಇಲ್ಲ, ಏಕೆಂದರೆ ಪಾರ್ಕಿಂಗ್ ಇರುವುದು ತಿರುವುಗಳ ಮೇಲಿನ ತುದಿಯಲ್ಲಿ. ಕಾರು ಹತ್ತುವ ದೋಣಿಗೆ ಮೊದಲೇ ಬುಕ್ ಮಾಡಬೇಕು. ಈ ಎತ್ತರದ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ ತೆರೆಯುತ್ತದೆ. ರಸ್ತೆ ತೆರೆದ ಮಾತ್ರಕ್ಕೆ ಚಾರಣದ ದಾರಿಯಲ್ಲಿ ಹಿಮ ಕರಗಿರುವುದಿಲ್ಲ. ಜುಲೈ, ಆಗಸ್ಟ್ ಸರಿಯಾದ ಕಾಲ. ಬೇಸಿಗೆಯಲ್ಲಿ ಸ್ಟಾವಾಂಗೆರ್‌ನಿಂದ ಬಸ್ ಇದೆ, ಬೆಳಗ್ಗೆ ಬಿಟ್ಟು ಸಂಜೆ ಕರೆದೊಯ್ಯುತ್ತದೆ. ನಿಧಾನವಾಗಿ ನಡೆಯುವವರಿಗೆ ಆ ಅವಧಿ ಬಿಗಿಯಾಗುತ್ತದೆ; ಇಳಿಯುವಾಗ ಅವಸರ ಮಾಡಬೇಕಾದ ಸ್ಥಿತಿ ಈ ಬಂಡೆಗಳಲ್ಲಿ ಬರಬಾರದು.

ಟ್ರೋಲ್‌ತುಂಗಾ

ಸಮುದ್ರ ಮಟ್ಟದಿಂದ 1,100 ಮೀಟರ್, ಕೆಳಗಿನ ಸರೋವರದಿಂದ ಸುಮಾರು 700 ಮೀಟರ್ ಎತ್ತರದಲ್ಲಿ, ಬೆಟ್ಟದ ಗೋಡೆಯಿಂದ ಹತ್ತು ಮೀಟರ್‌ನಷ್ಟು ಹೊರಕ್ಕೆ ಚಾಚಿದ ಬಂಡೆ. ಹಿಮಯುಗದ ಕೊನೆಯಲ್ಲಿ ಬಿರುಕುಗಳಿಗೆ ಇಳಿದ ನೀರು ಹೆಪ್ಪುಗಟ್ಟಿ ಸುತ್ತಲಿನ ಬಂಡೆಯನ್ನು ಸೀಳಿ ಕೆಡವಿತು, ಈ ಭಾಗ ಮಾತ್ರ ಉಳಿಯಿತು.

ಇಲ್ಲಿ ಮೊದಲು ನಿರ್ಧರಿಸಬೇಕಾದ್ದು ಎಲ್ಲಿಂದ ನಡೆಯಲು ಶುರು ಮಾಡುತ್ತೀರಿ ಎನ್ನುವುದನ್ನು. ಶೆಗ್ಗೆದಾಲ್ ಪಾರ್ಕಿಂಗ್ (ಪಿ2) ಇಂದ ಹೊರಟರೆ ಹೋಗಿ ಬರಲು 27 ಕಿಮೀ, ಸುಮಾರು 800 ಮೀಟರ್ ಏರಿಕೆ, ಹತ್ತರಿಂದ ಹನ್ನೆರಡು ಗಂಟೆ. ಅದರ ಮೇಲಿನ ಮೋಗೆಲಿತೋಪ್ (ಪಿ3) ಇಂದ ಹೊರಟರೆ 20 ಕಿಮೀ, 320 ಮೀಟರ್ ಏರಿಕೆ, ಎಂಟರಿಂದ ಹತ್ತು ಗಂಟೆ. ಪಿ2ರಿಂದ ಪಿ3ಕ್ಕೆ ನಡೆದು ಹತ್ತುವ ಭಾಗ ಕಡಿದಾದದ್ದು, ನೋಡಲು ವಿಶೇಷವೂ ಇಲ್ಲ; ಅಲ್ಲಿ ಬೆವರು ಸುರಿಸುವುದರಿಂದ ಏನೂ ಲಾಭವಿಲ್ಲ. ದುಡ್ಡು ಉಳಿಸಲು ಪಿ2ರಿಂದ ನಡೆಯುವವರಿಗೆ ಅದರ ಬೆಲೆ ಗೊತ್ತಾಗುವುದು ಸಂಜೆ, ಸೋತ ಮಂಡಿಯಲ್ಲಿ ಆ ನಾಲ್ಕು ನೂರು ಮೀಟರ್ ಇಳಿಯುವಾಗ.

ಪಿ3ರಲ್ಲಿ ಜಾಗ ಇರುವುದು 30 ಕಾರಿಗೆ ಮಾತ್ರ, ಅದೂ ಮುಂಗಡ ಬುಕಿಂಗ್ ಇದ್ದರೆ. ಅದು ಸಿಗದಿದ್ದರೆ ಪಿ2ರಿಂದ ಪಿ3ಕ್ಕೆ ಹೋಗುವ ಷಟಲ್ ಬಸ್ಸನ್ನು ಬುಕ್ ಮಾಡಿ. ಪಾರ್ಕಿಂಗ್ ದರ ಮೂರೂ ಬಂಡೆಗಳ ಬಳಿ ಹೆಚ್ಚೇ, ಟ್ರೋಲ್‌ತುಂಗಾದಲ್ಲಿ ಎಲ್ಲಕ್ಕಿಂತ ಹೆಚ್ಚು. ನಾಲ್ಕು ಜನ ಒಂದು ಕಾರಿನಲ್ಲಿ ಬಂದರೆ ಭಾರ ಹಂಚಿಹೋಗುತ್ತದೆ. ಒಬ್ಬರೇ ಬರುವವರಿಗೆ ಓಡ್ಡಾ ಊರಿನಿಂದ ಬರುವ ಬಸ್ಸೇ ವಾಸಿ.

ಪಿ3 ದಾಟಿದ ಮೇಲೆ ಸ್ವಲ್ಪ ದೂರ ಸಮತಟ್ಟು ಕಣಿವೆ, ಆಮೇಲೆ ಒಂದು ಗಟ್ಟಿ ಏರು. ಅದು ಮುಗಿದರೆ ದಿನದ ಕಷ್ಟದ ಏರು ಬಹುಮಟ್ಟಿಗೆ ಮುಗಿದಂತೆ. ಉಳಿದ ದಾರಿ ಸಣ್ಣ ಸಣ್ಣ ಏರಿಳಿತಗಳಲ್ಲಿ ಬಂಡೆ, ತೊರೆ, ಜೌಗು ದಾಟುತ್ತಾ ಸಾಗುತ್ತದೆ. ಶೆರಾಗ್‌ನ ಹಾಗೆ ಸರಪಳಿ ಹಿಡಿಯುವ ಕೆಲಸ ಇಲ್ಲ. ತೊರೆಗಳ ಹರಿಯುವ ನೀರು ಕುಡಿಯಲು ಚೆನ್ನಾಗಿದೆ. ಆದ್ದರಿಂದ ಮೂರು ಲೀಟರ್ ಹೊರಬೇಕಿಲ್ಲ, ಒಂದು ಲೀಟರ್ ಬಾಟಲಿಯನ್ನು ತುಂಬಿಸಿಕೊಳ್ಳುತ್ತಾ ಹೋದರೆ ಸಾಕು.

ಎಲ್ಲಿ ಎಡವುತ್ತಾರೆ ಎಂದರೆ ಸಮಯದಲ್ಲಿ. ಬರ್ಗೆನ್‌ನಿಂದ ಓಡ್ಡಾಗೆ ಸುಮಾರು ಮೂರು ಗಂಟೆಯ ಪ್ರಯಾಣ. ಬೆಳಗ್ಗೆ ಬರ್ಗೆನ್ ಬಿಟ್ಟು, ಅದೇ ದಿನ ನಡೆದು, ರಾತ್ರಿ ವಾಪಸಾಗುವ ಯೋಜನೆ ಹಾಕುವವರಿದ್ದಾರೆ. ಹಾಗೆ ಬಂದವರು ನಡೆಯಲು ಶುರು ಮಾಡುವಾಗಲೇ ಹತ್ತು ದಾಟಿರುತ್ತದೆ. ತುದಿ ತಲುಪಿದಾಗ ಮಧ್ಯಾಹ್ನ ಮೂರು. ಅಲ್ಲಿ ಬಂಡೆಯ ಮೇಲೆ ನಿಲ್ಲುವ ಸರತಿ, ಬೇಸಿಗೆಯ ನಡುಹಗಲಲ್ಲಿ ಒಂದು ಗಂಟೆ ಮೀರುವುದು ಮಾಮೂಲು. ಬೆವರಿದ ಮೈಯಲ್ಲಿ, ಗಾಳಿಗೆ ಒಡ್ಡಿಕೊಂಡು, ಅಲುಗಾಡದೆ ನಿಲ್ಲುವ ಆ ಒಂದು ಗಂಟೆಯಲ್ಲೇ ಚಳಿ ಮೈಗೆ ಹತ್ತುವುದು. ಅದರ ಮೇಲೆ ನಾಲ್ಕೈದು ಗಂಟೆಯ ವಾಪಸ್ ನಡಿಗೆ, ಮತ್ತೆ ಮೂರು ಗಂಟೆ ಡ್ರೈವಿಂಗ್. ಹಾಗೆ ಮಾಡಬೇಡಿ. ಚಾರಣದ ಹಿಂದಿನ ರಾತ್ರಿ, ಚಾರಣದ ರಾತ್ರಿ, ಎರಡೂ ಓಡ್ಡಾ ಅಥವಾ ತಿಸ್ಸೆದಾಲ್‌ನಲ್ಲಿ ಕಳೆಯಿರಿ. ಬೆಳಗ್ಗೆ ಮೊದಲ ಷಟಲ್ ಹಿಡಿಯಿರಿ. ಸರತಿಗೆ ನಿಲ್ಲುವ ಮೊದಲು ಒದ್ದೆ ಬನಿಯನ್ ಬದಲಿಸಿ, ದಪ್ಪ ಜಾಕೆಟ್ ಹಾಕಿಕೊಂಡೇ ನಿಲ್ಲಿ.

ನಾಲಿಗೆಯಂತೆ ಚಾಚಿದ ಈ ಬಂಡೆಯ ಮೇಲೆ ಇಳಿಯಲು ಕಬ್ಬಿಣದ ಹಿಡಿಗಳಿವೆ. ಬಂಡೆ ಸಾಕಷ್ಟು ಅಗಲ, ನಿಲ್ಲಲು ಶೆರಾಗ್‌ನ ಗುಂಡಿಗಿಂತ ಎಷ್ಟೋ ನೆಮ್ಮದಿ. ಕೆಳಗಿನ ಸರೋವರ ಜಲವಿದ್ಯುತ್ತಿಗಾಗಿ ಕಟ್ಟಿದ ಜಲಾಶಯವೂ ಹೌದು. ರಿಂಗೆದಾಲ್ ಅಣೆಕಟ್ಟು ಕಟ್ಟಿದ್ದು 1910ರಿಂದ 1918ರವರೆಗೆ. ಚಳಿಗಾಲದಲ್ಲಿ ನೀರು ಬಳಸಿಕೊಂಡು ಖಾಲಿಯಾಗುವ ಜಲಾಶಯ ಹಿಮ ಕರಗಿದ ಮೇಲೆ ಮೆಲ್ಲಗೆ ತುಂಬುತ್ತದೆ. ಹಾಗಾಗಿ ಜೂನ್ ಆರಂಭದಲ್ಲಿ ಹೋದರೆ ದಡದ ಸುತ್ತ ಬಿಳಿಚಿದ ಬಂಡೆಯ ಪಟ್ಟಿ ಕಾಣುತ್ತದೆ, ಆಗಸ್ಟ್ ಹೊತ್ತಿಗೆ ನೀರು ಮೇಲೆ ಬಂದಿರುತ್ತದೆ. ಚಿತ್ರಕ್ಕಾಗಿಯೇ ಹೋಗುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಗೈಡ್ ಇಲ್ಲದೆ ಹೋಗಲು ಯೋಗ್ಯ ಕಾಲ ಜೂನ್‌ನಿಂದ ಸೆಪ್ಟೆಂಬರ್. ಜೂನ್‌ನಲ್ಲಿ ಹಿಮದ ಪಟ್ಟೆಗಳ ಮೇಲೆ ನಡೆಯಬೇಕಾದೀತು. ಸೆಪ್ಟೆಂಬರ್ ಕೊನೆಗೆ ಸಂಜೆ ಏಳೂವರೆಗೆಲ್ಲ ಕತ್ತಲಾಗುವುದರಿಂದ ತಲೆದೀಪ ಕಡ್ಡಾಯ. ಡೇರೆ ಹೊತ್ತು ಮೇಲೆ ರಾತ್ರಿ ತಂಗುವವರಿಗೆ ಬೆಳಗಿನ ಹೊತ್ತು ಸರತಿಯೇ ಇಲ್ಲದ ಟ್ರೋಲ್‌ತುಂಗಾ ಸಿಗುತ್ತದೆ. ನಾರ್ವೆಯ 1957ರ ಕಾನೂನು ಸಾಗುವಳಿ ಇಲ್ಲದ ಬಯಲಿನಲ್ಲಿ ಯಾರು ಬೇಕಾದರೂ ಡೇರೆ ಹಾಕಲು ಅವಕಾಶ ಕೊಡುತ್ತದೆ, ಮನೆಗಳಿಂದ 150 ಮೀಟರ್ ದೂರ ಇರಬೇಕು ಅಷ್ಟೆ. ಹತ್ತು ಕಿಲೋ ಚೀಲ ಹೊತ್ತು 10 ಕಿಮೀ ನಡೆಯಬಲ್ಲವರಿಗೆ ನಾವು ಹೇಳುವುದು ಇದನ್ನೇ.

ಯಾರಿಗೆ ಯಾವುದು

ಒಂದೇ ದಿನ ಇದ್ದರೆ, ಜೊತೆಗೆ ಮಕ್ಕಳೋ ಅರವತ್ತು ದಾಟಿದ ಅಪ್ಪ ಅಮ್ಮನೋ ಇದ್ದರೆ, ಏಪ್ರಿಲ್, ಮೇ ಅಥವಾ ಅಕ್ಟೋಬರ್‌ನಲ್ಲಿ ಹೋಗುತ್ತಿದ್ದರೆ ಪ್ರೈಕೆಸ್ಟೋಲೆನ್. ಬೇರೆ ಎರಡರ ಯೋಚನೆಯೇ ಬೇಡ. ಹಿರಿಯರಿಗೆ ಕಲ್ಲಿನ ಮೆಟ್ಟಿಲು ಆಗದಿದ್ದರೆ ಸ್ಟಾವಾಂಗೆರ್‌ನಿಂದ ಫಿಯೋರ್ಡ್ ದೋಣಿ ವಿಹಾರಕ್ಕೆ ಕಳಿಸಿ. ಬಂಡೆಯನ್ನು ಅವರು ಕೆಳಗಿನಿಂದ ನೋಡಬಹುದು.

ಜುಲೈ, ಆಗಸ್ಟ್‌ನಲ್ಲಿ ಮೂರು ದಿನ ಇದ್ದು, ಬೆಟ್ಟ ಹತ್ತಿ ಅಭ್ಯಾಸ ಇದ್ದವರಿಗೆ ಶೆರಾಗ್. ನಮ್ಮ ಮಟ್ಟಿಗೆ ಮೂರರಲ್ಲಿ ಮೇಲಿನ ಸ್ಥಾನ ಇದರದ್ದೇ. ಟ್ರೋಲ್‌ತುಂಗಾಕ್ಕೆ ಸಿಕ್ಕಿರುವ ಹೆಸರಿನ ಹೆಚ್ಚಿನ ಪಾಲು ಒಂದು ಚಿತ್ರದಿಂದ ಬಂದದ್ದು, ಶೆರಾಗ್‌ನಲ್ಲಿ ದಾರಿಯ ಪ್ರತಿ ಏರಿನ ತುದಿಯಲ್ಲೂ ನಿಂತು ನೋಡುವುದಕ್ಕೆ ಏನಾದರೂ ಇದೆ. ಮಂಡಿನೋವು ಇದ್ದು ದೂರ ನಡೆಯುವ ಶಕ್ತಿ ಇರುವವರಿಗೆ ಮಾತ್ರ ಇದು ತಿರುವುಮುರುವಾಗುತ್ತದೆ: ಅವರು ಪಿ3ರಿಂದ ಟ್ರೋಲ್‌ತುಂಗಾಕ್ಕೆ ಹೋಗಲಿ.

ಮೂರಕ್ಕೂ ಬೇಕಾದ್ದು ಇಷ್ಟು: ಮೈಗೆ ತಾಗುವ ಪದರ ಉಣ್ಣೆಯದು ಅಥವಾ ಬೇಗ ಒಣಗುವ ಸಿಂಥೆಟಿಕ್‌ನದು, ಹತ್ತಿಯದಲ್ಲ, ಏಕೆಂದರೆ ಒದ್ದೆ ಹತ್ತಿ ಮೈಶಾಖವನ್ನು ಎಳೆದುಕೊಳ್ಳುತ್ತದೆ. ನಿಜವಾಗಿ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಹತ್ತು ನಿಮಿಷಕ್ಕೆ ಕಿತ್ತುಹೋಗುವ ಪ್ಲಾಸ್ಟಿಕ್ ರೇನ್‌ಕೋಟ್ ಬೇಡ. ಪವರ್ ಬ್ಯಾಂಕ್, ಟೋಪಿ, ಒಂದು ಜೊತೆ ಒಣ ಕಾಲುಚೀಲ. ಮೇಲೆ ಅಂಗಡಿ ಇಲ್ಲದ್ದರಿಂದ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಚಪಾತಿ, ಪಲ್ಯ, ಕಡಲೆಕಾಯಿ ಚಿಕ್ಕಿ ಈ ಚಳಿಗೆ ಹೇಳಿ ಮಾಡಿಸಿದ್ದು. ಮೊಸರನ್ನ ಬೇಡ, ತಣ್ಣಗಾದ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹವಾಮಾನವನ್ನು ಯೂರ್ (yr.no) ಎಂಬ ನಾರ್ವೆಯ ಸರ್ಕಾರಿ ತಾಣದಲ್ಲಿ ಗಂಟೆ ಗಂಟೆಗೆ ನೋಡಬಹುದು. ಕೆಳಗಿನ ಊರಿನ ಹೆಸರು ಹಾಕಬೇಡಿ, ಬಂಡೆಯ ಹೆಸರನ್ನೇ ಹಾಕಿ, ಉಷ್ಣಾಂಶದ ಜೊತೆ ಗಾಳಿಯ ವೇಗವನ್ನೂ ಓದಿ. ಪೊಲೀಸ್ ಮತ್ತು ಪಾರುಗಾಣಿಕೆಗೆ 112, ಆಂಬುಲೆನ್ಸ್‌ಗೆ 113. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಹೇಗೂ ಮಾಡಿಸಿರುತ್ತೀರಿ. ಬೆಟ್ಟದ ಚಾರಣದಲ್ಲಿ ಆಗುವ ಗಾಯ ಅದರೊಳಗೆ ಬರುತ್ತದೆಯೇ ಎಂದು ಪಾಲಿಸಿಯಲ್ಲಿ ಓದಿ, ಅಗ್ಗದ ಪಾಲಿಸಿಗಳು ಸಾಹಸ ಕ್ರೀಡೆ ಎಂದು ಅದನ್ನು ಹೊರಗಿಡುವುದುಂಟು.

ಎಂಟು ದಿನ ಸಿಕ್ಕಿ ಮೂರನ್ನೂ ನೋಡುವವರು ಸ್ಟಾವಾಂಗೆರ್‌ನಿಂದಲೇ ಶುರು ಮಾಡಿ. ಮೊದಲ ಸಂಜೆ ಪ್ರೈಕೆಸ್ಟೋಲೆನ್, ಅದರಲ್ಲೇ ಬೂಟು ಮತ್ತು ಕಾಲಿನ ಪರೀಕ್ಷೆ ಆಗುತ್ತದೆ. ಮುಂದಿನ ಮೂರು ದಿನಗಳಲ್ಲಿ ಮಳೆ ಇಲ್ಲದ ದಿನ ನೋಡಿ ಶೆರಾಗ್. ಆಮೇಲೆ 13ನೇ ಸಂಖ್ಯೆಯ ಹೆದ್ದಾರಿ ಹಿಡಿದು, ಯೆಲ್ಮೆಲಾಂಡ್ ಬಳಿ ದೋಣಿಯಲ್ಲಿ ಕಾರು ದಾಟಿಸಿ, ಉತ್ತರಕ್ಕೆ ಓಡ್ಡಾ ಕಡೆ ಹೋಗಿ. ಓಡ್ಡಾಕ್ಕೆ ಸ್ವಲ್ಪ ಮೊದಲು ಲೋತೆಫೊಸ್ ಎಂಬ ಜೋಡಿ ಜಲಪಾತ ರಸ್ತೆಯ ಪಕ್ಕದಲ್ಲೇ ಧುಮುಕಿ ಕಲ್ಲಿನ ಸೇತುವೆಯಡಿ ಹರಿಯುತ್ತದೆ. ಕಾರಿನ ಗಾಜೆಲ್ಲ ಒದ್ದೆ. ಓಡ್ಡಾಕ್ಕೆ ಶನಿವಾರ ತಲುಪುವುದಾದರೆ ಅಂದೇ ಬ್ರೆಡ್ಡು, ಹಣ್ಣು, ತರಕಾರಿ ಕೊಂಡಿಟ್ಟುಕೊಳ್ಳಿ, ಭಾನುವಾರ ಬಹುತೇಕ ದಿನಸಿ ಅಂಗಡಿಗಳ ಬಾಗಿಲು ಹಾಕಿರುತ್ತದೆ.